ಪೆಟ್ಟಿಗೆಯಲ್ಲಿ ಬಂದ ಇಂಜಿನ್ನೋ, ಬೋರ್ ಮಾಡಿಸಿದ ಇಂಜಿನ್ನೋ?

ತೀರ್ಥಹಳ್ಳಿಯಿಂದ ಆಚೆ ಚಿಕ್ಕಪ್ಪನ ಅಡಿಕೆ ತೋಟಕ್ಕೆ ಹೋಗುವ ಕೊನೆಯ ಮೂರು ಕಿಲೋಮೀಟರನ್ನು ರಸ್ತೆ ಅಂತ ಕರೆಯುವುದು ಸುಮ್ನೆ ಮರ್ಯಾದೆಗೆ. ಅಲ್ಲಿ ಓಡುವುದು ಅವರ ಹಳೇ ಡೀಸೆಲ್ ಜೀಪು ಮಾತ್ರ. ಹೋದ ವರ್ಷ ಆಷಾಢದ ಹೊತ್ತಿಗೆ ಅದು ಆಯಿಲ್ ಕುಡಿಯಲು ಶುರು ಮಾಡಿತು. ಹಿಂದೆ ನೀಲಿ ಹೊಗೆ, ಇಂಜಿನ್ ಹೊಟ್ಟೆಯ ಗಾಳಿ ಹೊರಬಿಡುವ ಬ್ರೀದರ್ ಪೈಪಿನಲ್ಲೂ ಬುಸುಬುಸು ಹೊಗೆ. ಬೆಳಗ್ಗೆ ಸ್ಟಾರ್ಟ್ ಆಗಬೇಕು ಅಂದರೆ ರಾತ್ರಿಯೇ ಇಳಿಜಾರಿನಲ್ಲಿ ನಿಲ್ಲಿಸಿರಬೇಕು. ಇಂಜಿನ್ ಬಿಚ್ಚುವ ಕಾಲ ಬಂದಿದೆ ಅಂತ ಹೇಳಲು ಮೆಕ್ಯಾನಿಕ್ ಬೇಕಿರಲಿಲ್ಲ.

ಅಷ್ಟರಲ್ಲಿ ಚಿಕ್ಕಪ್ಪನ ಮಗ, ಫೋನಿನಲ್ಲಿ ಅಮೆರಿಕದ ಗ್ಯಾರೇಜ್ ವಿಡಿಯೋಗಳನ್ನು ನೋಡಿ ನೋಡಿ, ಹೊಸ ರಾಗ ಎಳೆದ. "ಅಪ್ಪಯ್ಯ, ಅಲ್ಲಿ ಯಾರೂ ಹೀಗೆ ಬಿಚ್ಚಿಕೊಂಡು ಕೂರಲ್ಲ. ಪೆಟ್ಟಿಗೇಲಿ ರೆಡಿ ಇಂಜಿನ್ ಬರುತ್ತೆ. ಹಳೇದು ಇಳಿಸೋದು, ಹೊಸದು ಕೂರಿಸೋದು, ಮುಗೀತು." ಚಿಕ್ಕಪ್ಪ ನನ್ನ ಮುಖ ನೋಡಿದರು. ಮನೆಯಲ್ಲಿ ಮೆಕ್ಯಾನಿಕಲ್ ಓದಿದವನೊಬ್ಬ ಇದ್ದರೆ ಇದೇ ಕಷ್ಟ.

ಹುಡುಗ ಹೇಳಿದ್ದು ಸುಳ್ಳೇನಲ್ಲ. ಅಲ್ಲಿ ಅದಕ್ಕೆ ಕ್ರೇಟ್ ಇಂಜಿನ್ ಅನ್ನುತ್ತಾರೆ. ಮರದ ಪೆಟ್ಟಿಗೆಯಲ್ಲಿ ಪೂರ್ತಿ ಜೋಡಿಸಿದ ಇಂಜಿನ್ ಬರುತ್ತಿದ್ದುದರಿಂದ ಆ ಹೆಸರು. ಅಲ್ಲಿ ಅದು ನಡೆಯುವುದಕ್ಕೂ ಒಂದು ಕಾರಣ ಇದೆ. ಷೆವರ್ಲೆ ಕಂಪನಿ 1955ರಲ್ಲಿ ಎಂಟು ಸಿಲಿಂಡರಿನ ಒಂದು ವಿ-8 ಇಂಜಿನ್ ತಂದಿತು, 'ಸ್ಮಾಲ್ ಬ್ಲಾಕ್' ಅಂತ. ಶುರುವಿನಲ್ಲಿ 4.3 ಲೀಟರ್, 1967ರ ಹೊತ್ತಿಗೆ 5.7 ಲೀಟರ್. ಒಳಗಿನ ಗಾತ್ರ ಬೆಳೆದರೂ ಹೊರಗಿನ ಆಕಾರವನ್ನು ದಶಕಗಳ ಕಾಲ ಹೆಚ್ಚು ಕಡಿಮೆ ಹಾಗೇ ಉಳಿಸಿಕೊಂಡರು. ಹತ್ತು ಕೋಟಿಯ ಸ್ಮಾಲ್ ಬ್ಲಾಕ್ ತಯಾರಾದದ್ದು 2011ರಲ್ಲಿ. ಅಷ್ಟು ಇಂಜಿನ್, ಅಷ್ಟು ಗಿರಾಕಿ ಇದ್ದಾಗ ಪೆಟ್ಟಿಗೆಯಲ್ಲಿಟ್ಟು ಮಾರುವುದು ಲಾಭದ ಮಾತು. ನಮ್ಮಲ್ಲಿ ಹಳೇ ಜೀಪಿಗೆ ಹಾಗೆ ಸಿಗುವುದು ಕಷ್ಟ. ಸಿಕ್ಕಿದರೆ ಹಾಫ್ ಇಂಜಿನ್, ಅಂದರೆ ಬ್ಲಾಕ್ (ಇಂಜಿನ್ನಿನ ಎರಕದ ಮೈ), ಅದರ ಸಿಲಿಂಡರುಗಳಲ್ಲಿ ಮೇಲೆ ಕೆಳಗೆ ಓಡಾಡುವ ಪಿಸ್ಟನ್, ಆ ಓಡಾಟವನ್ನು ತಿರುಗಾಟ ಮಾಡುವ ಕ್ರ್ಯಾಂಕ್ ಶಾಫ್ಟ್, ಇಷ್ಟು ಜೋಡಿಸಿಟ್ಟದ್ದು. ಇನ್ನೊಂದು ಗುಜರಿ ಇಂಜಿನ್. ಅದನ್ನೂ 'ರೆಡಿ ಇಂಜಿನ್' ಅಂತಲೇ ಮಾರುತ್ತಾರೆ, ಆದರೆ ಅದು ಬೇರೆಯವರ ಜೀಪಿನ ಕಾಯಿಲೆಯನ್ನು ನಮ್ಮ ಮನೆಗೆ ತಂದುಕೊಂಡ ಹಾಗೆ.

ಇರಲಿ, ಸಿಗುತ್ತದೆ ಅಂತಲೇ ಇಟ್ಟುಕೊಳ್ಳೋಣ. ಪೆಟ್ಟಿಗೆ ಇಂಜಿನ್ನಿಗೆ ಕೊಡುವ ದುಡ್ಡಿನಲ್ಲಿ ನಾವು ಏನನ್ನು ಕೊಳ್ಳುತ್ತಿದ್ದೇವೆ? ನನ್ನ ಲೆಕ್ಕದಲ್ಲಿ ದೊಡ್ಡ ಪಾಲು ಅಳತೆ. ಯಾರೋ ಕೂತು ಒಂದೊಂದು ಭಾಗವನ್ನೂ ಸರಿಯಾಗಿ ಅಳೆದಿದ್ದಾರೆ ಅನ್ನುವ ನಂಬಿಕೆ. ನಾವೇ ಕಟ್ಟಿಸುತ್ತೇವೆ ಅಂದರೆ ಆ ಅಳತೆಯ ಹೊಣೆ ನಮ್ಮ ತಲೆಗೆ ಬರುತ್ತದೆ.

ಶಿವಮೊಗ್ಗದಲ್ಲಿ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸ್ ಕಡೆ ಹೋದರೆ ಬೋರಿಂಗ್ (ಸಿಲಿಂಡರ್ ಕೊರೆಯುವುದು), ಲೇತ್ ಕೆಲಸದವರ ಬಾಯಲ್ಲಿ 'ಥೌ' ಅನ್ನುವ ಮಾತು ಕೇಳುತ್ತದೆ. ಇಂಚಿನ ಸಾವಿರದಲ್ಲೊಂದು ಭಾಗ. ಮಿಲಿಮೀಟರಿನಲ್ಲಿ ಹೇಳಿದರೆ 0.0254. ನಮ್ಮ ತಲೆಗೂದಲು ಸುಮಾರು ಮೂರು ಥೌ ದಪ್ಪ. ಕ್ರ್ಯಾಂಕ್ ಶಾಫ್ಟಿಗೂ ಅದನ್ನು ಹೊತ್ತ ಬಳೆಯಂಥ ಬೇರಿಂಗಿಗೂ ನಡುವೆ ಬಿಡುವ ಜಾಗ, ಶಾಫ್ಟಿನ ಪ್ರತಿ ಇಂಚು ದಪ್ಪಕ್ಕೆ ಒಂದು ಥೌ ಅನ್ನುವುದು ಹಳೇ ಲೆಕ್ಕ. ಎರಡೂವರೆ ಇಂಚಿನ ಶಾಫ್ಟ್ ಆದರೆ ಎರಡೂವರೆ ಥೌ. ಒಂದು ಕೂದಲೂ ತೂರದ ಜಾಗ. ಅಷ್ಟರಲ್ಲೇ ಆಯಿಲ್ ಸೇರಿಕೊಂಡು, ಶಾಫ್ಟ್ ತಿರುಗುವ ರಭಸಕ್ಕೆ ಅಲ್ಲೇ ಒತ್ತಡ ಹುಟ್ಟಿ, ಇಡೀ ಶಾಫ್ಟನ್ನು ಎತ್ತಿ ಹಿಡಿಯುತ್ತದೆ. ಜೋರು ಮಳೆಯಲ್ಲಿ ನೀರು ನಿಂತ ಟಾರು ರಸ್ತೆ ಮೇಲೆ ವೇಗವಾಗಿ ಹೋದರೆ ಟೈರ್ ತೇಲುತ್ತದಲ್ಲ, ಹೆಚ್ಚುಕಡಿಮೆ ಅದೇ. ರಸ್ತೆಯಲ್ಲಿ ಅದು ಅಪಾಯ, ಬೇರಿಂಗಿನಲ್ಲಿ ಅದೇ ಜೀವ. ಜಾಗ ಜಾಸ್ತಿಯಾದರೆ ಆಯಿಲ್ ಪಕ್ಕದಿಂದ ಸೋರಿ ಒತ್ತಡ ಬೀಳುತ್ತದೆ. ಕಡಿಮೆಯಾದರೆ ಬಿಸಿಯಾಗಿ ಬೇರಿಂಗ್ ಕಚ್ಚಿಕೊಳ್ಳುತ್ತದೆ.

ಬ್ಲಾಕನ್ನು ಹೊತ್ತು ಬೋರಿಂಗ್ ಅಂಗಡಿಗೆ ಹೋದೆವು. ಅಂಗಡಿಯ ಭಾಯ್ ಡಯಲ್ ಗೇಜನ್ನು ಸಿಲಿಂಡರಿಗೆ ಇಳಿಸಿ, ಮೇಲೆ ಕೆಳಗೆ ಆಡಿಸಿ, ಅಡ್ಡ ತಿರುಗಿಸಿ ನೋಡಿದರು. "ಗೌಡ್ರೇ, ಮೇಲೆ ಎಂಟು ಥೌ ತಿಂದಿದೆ. ಕೆಳಗೆ ಏನೂ ಆಗಿಲ್ಲ." ಚಿಕ್ಕಪ್ಪನಿಗೆ ಆಶ್ಚರ್ಯ. ಪಿಸ್ಟನ್ ಮೇಲೂ ಹೋಗುತ್ತದೆ, ಕೆಳಗೂ ಬರುತ್ತದೆ, ಮತ್ತೆ ಮೇಲೆ ಮಾತ್ರ ಯಾಕೆ ಸವೆಯಬೇಕು?

ತುದಿಗೆ ಹೋದ ಪಿಸ್ಟನ್ ವಾಪಸು ತಿರುಗುವಾಗ ಒಂದು ಕ್ಷಣ ನಿಲ್ಲುತ್ತದೆ. ನಿಂತರೆ ಆಯಿಲ್ ಪದರ ಉಳಿಯುವುದಿಲ್ಲ. ಹೆಚ್ಚುಕಡಿಮೆ ಅದೇ ಹೊತ್ತಿಗೆ ಡೀಸೆಲ್ ಹೊತ್ತಿಕೊಳ್ಳುತ್ತದೆ, ಆ ಒತ್ತಡ ಪಿಸ್ಟನ್ನಿಗೆ ತೊಡಿಸಿದ ರಿಂಗಿನ ಬೆನ್ನಿಗೆ ಹೋಗಿ ಅದನ್ನು ಗೋಡೆಗೆ ಅದುಮುತ್ತದೆ. ಆಯಿಲ್ ಇಲ್ಲದ ಜಾಗದಲ್ಲೇ ಅದುಮುವುದೂ ಜಾಸ್ತಿ. ಜೊತೆಗೆ ಪಿಸ್ಟನ್ನನ್ನು ಕ್ರ್ಯಾಂಕಿಗೆ ಸೇರಿಸುವ ಕನೆಕ್ಟಿಂಗ್ ರಾಡ್ ಓರೆಯಾಗಿ ತಳ್ಳುವುದರಿಂದ ಒಂದು ಪಕ್ಕದ ಗೋಡೆಗೆ ಹೆಚ್ಚು ಪೆಟ್ಟು. ಹಾಗಾಗಿ ಸವೆದ ಸಿಲಿಂಡರ್ ಮೇಲೆ ಅಗಲ, ಕೆಳಗೆ ಕಿರಿದು, ಗುಂಡಗೆ ಇರಬೇಕಾದ್ದು ಮೊಟ್ಟೆಯ ಹಾಗೆ. ಇದಕ್ಕೆ ಬೇಸಿಗೆಯಲ್ಲಿ ನಮ್ಮ ಕೆಮ್ಮಣ್ಣಿನ ಧೂಳು ಸೇರಿದರೆ, ಏರ್ ಫಿಲ್ಟರ್ ತೊಳೆಯುವುದನ್ನು ಮರೆತವರ ಇಂಜಿನ್ ಒಳಗೆ ಉಪ್ಪುಕಾಗದ ಉಜ್ಜಿದ ಹಾಗೆ. ಚಿಕ್ಕಪ್ಪ ಇಲ್ಲಿ ಕೆಮ್ಮಿದರು.

ಇಂಥ ಸಿಲಿಂಡರಿಗೆ ಹೊಸ ರಿಂಗ್ ಮಾತ್ರ ಹಾಕಿದರೆ ಪ್ರಯೋಜನ ಕಮ್ಮಿ. ಮತ್ತೆ ಗುಂಡಗೆ ಕೊರೆದು, ದೊಡ್ಡ ಪಿಸ್ಟನ್ ಹಾಕಬೇಕು. 'ಇಪ್ಪತ್ತು ಸೈಜ್' ಅಂದರೆ ಮೂಲಕ್ಕಿಂತ ಇಪ್ಪತ್ತು ಥೌ ದೊಡ್ಡದು. ಆಮೇಲೆ ಮೂವತ್ತು, ನಲವತ್ತು, ಅದೂ ಮುಗಿದರೆ ಲೈನರ್, ಅಂದರೆ ಒಳಗೆ ಕೂರಿಸುವ ಹೊಸ ಕೊಳವೆ.

ಎಷ್ಟು ಕೊರೆಯಬೇಕು ಅನ್ನುವುದರಲ್ಲಿ ಒಳ್ಳೆಯ ಭೌತಶಾಸ್ತ್ರ ಇದೆ. ಬೋರ್ (ಸಿಲಿಂಡರಿನ ಒಳ ಅಗಲ) 88.9 ಮಿ.ಮೀ., ಅಂದರೆ ಸರಿಯಾಗಿ ಮೂರೂವರೆ ಇಂಚು ಅಂದುಕೊಳ್ಳಿ. ಪಿಸ್ಟನ್ ಅಲ್ಯೂಮಿನಿಯಂ, ಬ್ಲಾಕ್ ಬೀಡುಕಬ್ಬಿಣ. ಬಿಸಿ ಆದಾಗ ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುತ್ತದೆ. ಪಿಸ್ಟನ್ ತಲೆಯ ಬಿಸಿ 200 ಡಿಗ್ರಿ ಏರಿದರೆ ಅದು ಸುಮಾರು 0.4 ಮಿ.ಮೀ. ದೊಡ್ಡದಾಗುತ್ತದೆ. ನೀರಿನಲ್ಲಿ ತಣ್ಣಗಿರುವ ಬ್ಲಾಕ್ 80 ಡಿಗ್ರಿ ಏರಿದರೆ ಬೋರ್ ಹಿಗ್ಗುವುದು 0.08 ಮಾತ್ರ. ವ್ಯತ್ಯಾಸ ಹದಿಮೂರು ಥೌ. ಅಷ್ಟೂ ಜಾಗವನ್ನು ಮೊದಲೇ ಬಿಟ್ಟರೆ ಬೆಳಗ್ಗೆ ತಣ್ಣನೆಯ ಇಂಜಿನ್ನಿನಲ್ಲಿ ಪಿಸ್ಟನ್ ಗಂಟೆ ಬಾರಿಸುತ್ತದೆ. ಅದಕ್ಕೇ ಪಿಸ್ಟನ್ ಮಾಡುವವರು ತಲೆಯನ್ನು ಸಣ್ಣದು ಮಾಡಿ, ಕೆಳಗಿನ ಸ್ಕರ್ಟನ್ನು ದೊಡ್ಡದು ಮಾಡಿ, ಅದನ್ನೂ ಗುಂಡಗೆ ಬಿಡದೆ ತುಸು ಮೊಟ್ಟೆಯಾಕಾರ ಕೊಟ್ಟಿರುತ್ತಾರೆ. ಬಿಸಿಯಾದಾಗ ಸರಿಯಾಗಲಿ ಅಂತ ತಣ್ಣಗಿರುವಾಗ ಸೊಟ್ಟಗೆ ಮಾಡಿದ ವಸ್ತು ಅದು. ಅದನ್ನು ಎಲ್ಲೆಂದರಲ್ಲಿ ಅಳೆದು ಬೋರ್ ಮಾಡಿದರೆ ಕೆಟ್ಟಿತು. ತಯಾರಕರು ಹೇಳಿದ ಎತ್ತರದಲ್ಲೇ ಅಳೆಯಬೇಕು.

ರಿಂಗಿನದೂ ಇದೇ ಕಥೆ. ರಿಂಗಿನ ಎರಡು ತುದಿಗಳ ನಡುವೆ ಸಂದು ಬಿಡುತ್ತಾರೆ, ಬೋರಿನ ಇಂಚಿಗೆ ನಾಲ್ಕು ಥೌ ಅನ್ನುವ ಲೆಕ್ಕದಲ್ಲಿ. ನಮ್ಮದಕ್ಕೆ ಹದಿನಾಲ್ಕು. ಇದೇನು ಬಾಯಿಗೆ ಬಂದ ಸಂಖ್ಯೆಯಾ ಅಂತ ನಾನೊಮ್ಮೆ ಲೆಕ್ಕ ಹಾಕಿದೆ. ರಿಂಗಿನ ಸುತ್ತಳತೆ ಸುಮಾರು 279 ಮಿ.ಮೀ., ಅದು ಗೋಡೆಗಿಂತ 100 ಡಿಗ್ರಿ ಹೆಚ್ಚು ಬಿಸಿ ಅಂತಿಟ್ಟರೆ 0.31 ಮಿ.ಮೀ. ಉದ್ದ ಆಗುತ್ತದೆ. ಅಂದರೆ ಹನ್ನೆರಡು ಥೌ. ಎರಡು ಥೌ ಹೆಚ್ಚಿಗೆ, ಅಪಾಯಕ್ಕಿರಲಿ ಅಂತ! ಸಂದು ಸಾಲದೆ ತುದಿಗಳು ಒಂದಕ್ಕೊಂದು ಗುದ್ದಿಕೊಂಡರೆ ಗೋಡೆ ಕೆರೆದುಹೋಗುತ್ತದೆ, ಕೆಲವೊಮ್ಮೆ ಪಿಸ್ಟನ್ನೇ ಒಡೆಯುತ್ತದೆ.

ಕೊರೆದ ಮೇಲೆ ಹೋನಿಂಗ್, ಅಂದರೆ ಗೋಡೆಯನ್ನು ಕಲ್ಲಿನಿಂದ ಉಜ್ಜುವುದು. ಹೊಸಬರು ಗೋಡೆ ಕನ್ನಡಿ ಹಾಗೆ ಹೊಳೆಯಬೇಕು ಅಂದುಕೊಳ್ಳುತ್ತಾರೆ. ಹೊಳೆದರೆ ಆಯಿಲ್ ನಿಲ್ಲುವುದಿಲ್ಲ. ಬೇಕೆಂತಲೇ ಅಡ್ಡಡ್ಡ ಗೀರು ಹಾಕುತ್ತಾರೆ, ಗೀರಿಗೂ ಗೀರಿಗೂ 45ರಿಂದ 60 ಡಿಗ್ರಿ ಕೋನ ಬರುವ ಹಾಗೆ. ಆ ಗೀರುಗಳೇ ಆಯಿಲಿನ ಕಾಲುವೆ. ಬೀಡುಕಬ್ಬಿಣಕ್ಕೆ ಇನ್ನೊಂದು ಗುಣ ಇದೆ, ಅದರೊಳಗೆ ಗ್ರಾಫೈಟಿನ ಸಣ್ಣ ಸಣ್ಣ ಚಕ್ಕೆಗಳಿರುತ್ತವೆ. ಪೆನ್ಸಿಲ್ ಕಡ್ಡಿಯಲ್ಲಿರುವುದೂ ಅದೇ. ಅದು ತಾನೇ ಜಾರಿಕೆ ಕೊಡುತ್ತದೆ. 1923ರಲ್ಲಿ ಭದ್ರಾವತಿಯಲ್ಲಿ ಕಾರ್ಖಾನೆ ಶುರುವಾದಾಗಿನಿಂದ ಕಬ್ಬಿಣ ನೋಡಿದ ಜಿಲ್ಲೆ ನಮ್ಮದು. ಈಗಲೂ ಮಾಚೇನಹಳ್ಳಿ ಕಡೆ ಫೌಂಡ್ರಿಗಳಿವೆ. ಇಷ್ಟಾಗಿಯೂ ಹಳೇ ಬ್ಲಾಕ್ ಅಂದರೆ ನಮ್ಮವರು ಮೂಗು ಮುರಿಯುತ್ತಾರೆ. ಅಚ್ಚಿನಲ್ಲಿ ತಣ್ಣಗಾಗುವಾಗ ಎರಕದೊಳಗೆ ಬಿಗಿತ ಉಳಿದಿರುತ್ತದೆ, ವರ್ಷಗಟ್ಟಲೆ ಕಾದು ತಣಿದು ಅದು ಸಡಿಲವಾಗುತ್ತದೆ. 1983ರಲ್ಲಿ ನೆಲ್ಸನ್ ಪಿಕೆ ಫಾರ್ಮುಲಾ ಒನ್ ಗೆದ್ದ ಬಿಎಂಡಬ್ಲ್ಯು ಟರ್ಬೊ ಇಂಜಿನ್ ಕಟ್ಟಿದ್ದು ಮಾಮೂಲಿ ಕಾರಿನ ಬ್ಲಾಕ್ ಮೇಲೆ. ಅದಕ್ಕಾಗಿ ಅವರು ರಸ್ತೆಯಲ್ಲಿ ಓಡಿ ಪಳಗಿದ ಬ್ಲಾಕುಗಳನ್ನು ಹುಡುಕುತ್ತಿದ್ದರು. ಇದನ್ನು ಕೇಳಿ ಚಿಕ್ಕಪ್ಪನಿಗೆ ಜೀಪಿನ ಮೇಲೆ ಇದ್ದಕ್ಕಿದ್ದಂತೆ ಗೌರವ ಬಂತು.

ಆದರೆ ಕಟ್ಟಿಸುವುದರಲ್ಲಿ ಏಟು ಬೀಳುವುದು ಎಲ್ಲಿ ಅಂತ ನನಗೆ ಚೆನ್ನಾಗಿ ಗೊತ್ತು, ಒಮ್ಮೆ ತಿಂದಿದ್ದೇನೆ. ವರ್ಷಗಳ ಹಿಂದೆ ನನ್ನ ಬೈಕಿನ ಬೋರ್ ಮಾಡಿಸಿದಾಗ ಒಂದು ಗ್ಯಾರೇಜಿನವರು ಹೋನಿಂಗ್ ಆದ ಸಿಲಿಂಡರನ್ನು ಪೆಟ್ರೋಲಿನಲ್ಲಿ ಅದ್ದಿ, ಬಟ್ಟೆಯಲ್ಲಿ ಒರೆಸಿ ಜೋಡಿಸಿಬಿಟ್ಟರು. ಆರು ತಿಂಗಳಿಗೆ ಮತ್ತೆ ಹೊಗೆ. ಹೋನಿಂಗ್ ಕಲ್ಲಿನ ಪುಡಿ ಆ ಗೀರುಗಳೊಳಗೆ ಕೂತಿರುತ್ತದೆ, ಪೆಟ್ರೋಲ್ ಅದನ್ನು ಎಬ್ಬಿಸುವುದಿಲ್ಲ. ಬಿಸಿನೀರು, ಸೋಪು, ಬ್ರಷ್ ಬೇಕು. ಬಿಳಿ ಬಟ್ಟೆ ಉಜ್ಜಿದರೆ ಬಿಳಿಯಾಗಿಯೇ ವಾಪಸು ಬರಬೇಕು. ಅಲ್ಲಿಗೆ ಮುಗಿಯಿತಾ? ತೊಳೆದು ಒರೆಸಿದ ಹಸಿ ಕಬ್ಬಿಣಕ್ಕೆ ತಕ್ಷಣ ಆಯಿಲ್ ಸವರದಿದ್ದರೆ ತುಕ್ಕು. ಮಲೆನಾಡಿನ ಮಳೆಗಾಲದಲ್ಲಿ ಕಾಫಿ ಕುಡಿದು ಬರುವಷ್ಟರಲ್ಲಿ ಕೆಂಪು ಕಾಣಿಸಿಕೊಳ್ಳುತ್ತದೆ. ಚಿಕ್ಕಪ್ಪನ ಇಂಜಿನ್ ಜೋಡಿಸುವಾಗ ನಾನು ಮಾಡಿದ ದೊಡ್ಡ ಕೆಲಸ ಅಂದರೆ ಪಾತ್ರೆ ತೊಳೆಯುವ ಸೋಪಿನಲ್ಲಿ ಬ್ಲಾಕ್ ತಿಕ್ಕಿದ್ದು. ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಮನೇಲಿ ಒಂದು ಲೋಟ ತೊಳ್ದಿದ್ದು ನೋಡ್ಲಿಲ್ಲಪ್ಪ" ಅಂದರು.

ಕಾರ್ಖಾನೆ ಗೆಲ್ಲುವುದು ಇಂಥ ಕಡೆ. ಹೋಂಡಾ, ಟೊಯೋಟಾ ಇಂಜಿನ್ನುಗಳಲ್ಲಿ ಬ್ಲಾಕ್ ಮೇಲೂ ಕ್ರ್ಯಾಂಕ್ ಮೇಲೂ ಗುರುತು ಒತ್ತಿರುತ್ತಾರೆ, ಆ ಎರಡನ್ನೂ ಕೂಡಿಸಿ ನೋಡಿ ಯಾವ ದಪ್ಪದ ಬೇರಿಂಗ್ ಅಂತ ಆರಿಸುತ್ತಾರೆ. ಜೋಡಿಸಿದ ಇಂಜಿನ್ನಿಗೆ ಡೀಸೆಲ್ಲನ್ನೇ ಹಾಕದೆ ಮೋಟಾರಿನಿಂದ ತಿರುಗಿಸಿ, ಎಲ್ಲಿ ಬಿಗಿ, ಆಯಿಲ್ ಒತ್ತಡ ಎಷ್ಟು ಅಂತ ನೋಡುವ ಪದ್ಧತಿಯೂ ಇದೆ. ಸಾಗರ ರಸ್ತೆಯಲ್ಲಿ ಆ ಯಂತ್ರ ನಾನು ಕಂಡಿಲ್ಲ. ಅಲ್ಲಿ ಇರುವುದು ಭಾಯ್ ಅವರ ಬೆರಳು ಮತ್ತು ಡಯಲ್ ಗೇಜ್. ಡೀಸೆಲ್ಲಿನಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಪಿಸ್ಟನ್ ಬ್ಲಾಕಿನಿಂದ ಎಷ್ಟು ಮೇಲೆ ಬರುತ್ತದೆ ಅಂತ ಅಳೆದು, ಅದಕ್ಕೆ ಸರಿಯಾದ ದಪ್ಪದ ಹೆಡ್ ಗ್ಯಾಸ್ಕೆಟ್ (ಬ್ಲಾಕಿಗೂ ಮೇಲಿನ ಮುಚ್ಚಳಕ್ಕೂ ನಡುವಿನ ಹಾಳೆ) ಹಾಕಬೇಕು. ಎಷ್ಟೋ ಗ್ಯಾಸ್ಕೆಟ್ಟುಗಳ ಅಂಚಿನಲ್ಲಿ ಸಣ್ಣ ಕಚ್ಚುಗಳಿರುವುದು ಆ ದಪ್ಪದ ಗುರುತಿಗೆ. 630 ಸಿಸಿಯ ಒಂದು ಸಿಲಿಂಡರಿನಲ್ಲಿ ಕಂಪ್ರೆಷನ್ (ಗಾಳಿಯನ್ನು ಹಿಂಡುವ ಪ್ರಮಾಣ) 18ಕ್ಕೆ 1 ಇದ್ದರೆ, ಗಾಳಿ ಕೊನೆಗೆ ಹಿಂಡಿಕೊಳ್ಳುವ ಜಾಗ ಬರೀ 37 ಸಿಸಿ. ಗ್ಯಾಸ್ಕೆಟ್ 0.2 ಮಿ.ಮೀ. ದಪ್ಪ ಆಯಿತು ಅಂದರೆ ಆ 18 ಹೋಗಿ ಸುಮಾರು ಹದಿನೇಳೂವರೆ ಆಗುತ್ತದೆ. ಚಳಿಗಾಲದ ಬೆಳಗ್ಗೆ ಸ್ಟಾರ್ಟ್ ಆಗದ ಜೀಪಿಗೆ ಅದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಯಾವುದು? ಬ್ಲಾಕ್ ಬಿರುಕು ಬಿಟ್ಟಿದ್ದರೆ, ಕ್ರ್ಯಾಂಕ್ ಕೊನೆಯ ಸೈಜಿಗೂ ಮೀರಿ ತಿಂದಿದ್ದರೆ, ಅಥವಾ ಗೇಜ್ ಇಲ್ಲದೆ ಕಣ್ಣಂದಾಜಿನಲ್ಲಿ ಕೆಲಸ ಮಾಡುವವರು ಮಾತ್ರ ಹತ್ತಿರ ಇದ್ದರೆ, ನಾನು ಸಾಲ ಮಾಡಿಯಾದರೂ ಕಂಪನಿಯಿಂದ ರೆಡಿ ಇಂಜಿನ್ನೇ ತರುತ್ತೇನೆ. ಆರ್‌ಸಿಯಲ್ಲಿ ಇಂಜಿನ್ ನಂಬರ್ ಇರುತ್ತದೆ, ಬದಲಾದರೆ ಆರ್‌ಟಿಒ ಕಚೇರಿ ತಿರುಗಾಟ ಇದ್ದೇ ಇದೆ. ಉಳಿದಂತೆ, ನಿಮ್ಮ ಮುಂದೆಯೇ ಅಳೆದು ಸಂಖ್ಯೆ ಬರೆದುಕೊಡುವ ಬೋರಿಂಗಿನವರು ಸಿಕ್ಕಿದರೆ ಕಟ್ಟಿಸಿ. ಬರೆದುಕೊಡದವರ ಹತ್ತಿರ ಬೇಡ. ಅಗ್ಗ ಅಂತ ಮಾತ್ರ ಕಟ್ಟಿಸಲು ಹೋಗಬೇಡಿ. ಪಿಸ್ಟನ್, ಬೇರಿಂಗ್, ಪಂಪ್, ನಾಜಲ್ ಅಂತ ಒಂದೊಂದೇ ಸೇರಿ ಎಷ್ಟಾಯಿತು ಅಂತ ಚಿಕ್ಕಪ್ಪ ಇನ್ನೂ ಚಿಕ್ಕಮ್ಮನಿಗೆ ಹೇಳಿಲ್ಲ.

ಜೀಪು ಕೊನೆಗೆ ದೀಪಾವಳಿ ಹಿಂದಿನ ವಾರ ಸ್ಟಾರ್ಟ್ ಆಯಿತು. ಹೊಸ ಇಂಜಿನ್ ಪಾಪ ಅಂತ ಚಿಕ್ಕಪ್ಪ ಅದನ್ನು ಅಂಗಳದಲ್ಲಿ ಗಂಟೆಗಟ್ಟಲೆ ಸುಮ್ನೆ ಗುರುಗುಟ್ಟಿಸಲು ಹೊರಟಿದ್ದರು. ಅದು ತಪ್ಪು. ರಿಂಗ್ ಗೋಡೆಗೆ ಹೊಂದಿಕೊಳ್ಳಬೇಕಾದರೆ ಅದರ ಬೆನ್ನಿಗೆ ಒತ್ತಡ ಬೇಕು, ಒತ್ತಡಕ್ಕೆ ಲೋಡ್ ಬೇಕು. ಬರೀ ಐಡಲ್‌ನಲ್ಲಿ ಬಿಟ್ಟರೆ ಗೋಡೆಯ ಗೀರಿನಲ್ಲಿ ಆಯಿಲ್ ಸುಟ್ಟು ಮೆರುಗು ಹಿಡಿದು, ರಿಂಗ್ ಕೂರುವುದೇ ಇಲ್ಲ. ಹಾಗಂತ ಅಡಿಕೆ ಮೂಟೆ ತುಂಬಿ ಆಗುಂಬೆ ಘಾಟಿ ಹತ್ತಿಸಬಾರದು. ನಾವು ನಾಲ್ಕು ಜನ ಹತ್ತಿ ತೀರ್ಥಹಳ್ಳಿ ಪೇಟೆಗೆ ಹೋಗಿ, ಏರು ಬಂದಾಗ ಸ್ವಲ್ಪ ಒತ್ತಿ, ಇಳಿವಿನಲ್ಲಿ ಬಿಟ್ಟು, ಹಾಗೇ ವಾಪಸು ಬಂದೆವು. ಐನೂರು ಕಿಲೋಮೀಟರಿಗೆ ಆಯಿಲ್ ಇಳಿಸಿದಾಗ ಡಬ್ಬದ ತಳದಲ್ಲಿ ಕಬ್ಬಿಣದ ನುಣುಪು ಪುಡಿ ಮಿನುಗುತ್ತಿತ್ತು. ಚಿಕ್ಕಪ್ಪ ಅದನ್ನು ಬೆರಳಿನಲ್ಲಿ ಮುಟ್ಟಿ ನೋಡಿ, "ಇದು ಎಷ್ಟು ಥೌ ಮಾರಾಯ?" ಅಂದರು.