ಕ್ಯಾಮೆರಾ ಇರುವಾಗ ಪೆನ್ಸಿಲ್ ಯಾಕೆ?

ಕೀಟಗಳ ಚಿತ್ರ ಬರೆಯುವವರು ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿದ್ದಾರೆ. ಕೇಳುವವರನ್ನು ಒಮ್ಮೆ ಮೈಕ್ರೋಸ್ಕೋಪಿನ ಮುಂದೆ ಕೂರಿಸಬೇಕು, ಅಷ್ಟೇ.

ಅರ್ಧ ಮಿಲಿಮೀಟರ್ ಉದ್ದದ ಕಣಜವೊಂದನ್ನು ಮಸೂರದಡಿ ಇಡಿ. ಹಿಗ್ಗಿಸಿದಷ್ಟೂ ಸ್ಪಷ್ಟವಾಗಿ ಕಾಣುವ ಪದರ ತೆಳ್ಳಗಾಗುತ್ತಾ ಹೋಗುತ್ತದೆ. ಕೊನೆಗೆ ಅದು ಮಿಲಿಮೀಟರಿನ ಸಾವಿರದಲ್ಲೊಂದು ಪಾಲಿನ ಆಸುಪಾಸು. ಬಾವಿಗೆ ಲಾಟೀನು ಇಳಿಬಿಟ್ಟ ಹಾಗೆ: ದೀಪ ಇರುವ ಮಟ್ಟದ ಕಲ್ಲು ಮಾತ್ರ ಕಾಣುತ್ತದೆ, ಮೇಲೂ ಕೆಳಗೂ ಮಬ್ಬು. ಅಥವಾ ದಪ್ಪ ಪುಸ್ತಕದಲ್ಲಿ ಒಂದೊಂದೇ ಹಾಳೆ ಓದಿ ಇಡೀ ಕಥೆ ಕಟ್ಟಿಕೊಂಡ ಹಾಗೆ. ಫೋಕಸ್ ತಿರುಪು ಮೇಲೆ ಕೆಳಗೆ ಆಡಿಸುತ್ತಾ, ಕಂಡಿದ್ದನ್ನೆಲ್ಲ ಒಂದೇ ಹಾಳೆಗೆ ಇಳಿಸುವುದು ಚಿತ್ರಕಾರರ ಕೆಲಸ.

ಫೋಟೊಗಳನ್ನು ಪೇರಿಸಿ ಒಂದಾಗಿಸುವ ಸಾಫ್ಟ್‌ವೇರ್ ಇದೆ, ನಿಜ. ಆದರೆ ಅದಕ್ಕೆ ರೋಮವೂ ಒಂದೇ, ರೋಮಕ್ಕಂಟಿದ ಧೂಳೂ ಒಂದೇ.

ಅಳತೆ ತಪ್ಪದಿರಲು ಮೈಕ್ರೋಸ್ಕೋಪಿಗೆ ಜೋಡಿಸುವ ಡ್ರಾಯಿಂಗ್ ಟ್ಯೂಬ್ ಇದೆ. ಇದರ ಮೂಲ, ಇಂಗ್ಲೆಂಡಿನ ವಿಜ್ಞಾನಿ ವಿಲಿಯಂ ಹೈಡ್ ವೊಲಾಸ್ಟನ್ 1806ರಲ್ಲಿ ಪೇಟೆಂಟ್ ಪಡೆದ ಕ್ಯಾಮೆರಾ ಲೂಸಿಡಾ ಎಂಬ ಚಿತ್ರ ಬರೆಯುವ ಸಾಧನ. ಕನ್ನಡಿ, ಪಟ್ಟಕಗಳ ಆಟದಿಂದ ಕೀಟದ ಮೇಲೇ ನಿಮ್ಮ ಕೈ ಓಡಾಡುವಂತೆ ಕಾಣುತ್ತದೆ. ಕಾಗದದ ಮೇಲೆ ಬೆಳಕು ಜಾಸ್ತಿಯಾದರೆ ಕೀಟ ಮಾಯ, ಕಡಿಮೆಯಾದರೆ ಪೆನ್ಸಿಲ್ ಮೊನೆ ಮಾಯ. ಅರ್ಧ ಕೆಲಸ ದೀಪ ಸರಿಮಾಡುವುದರಲ್ಲೇ ಹೋಗುತ್ತದೆ!

ಇದ್ಯಾವುದೂ ಇಲ್ಲದ ಕಾಲದಲ್ಲಿ, ಮೈಕ್ರೋಸ್ಕೋಪಿನಲ್ಲಿ ಕಂಡದ್ದನ್ನು ಚಿತ್ರಿಸಿದ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಪಟ್ಟ ಪಾಡು ನೆನೆಸಿಕೊಳ್ಳಿ. ಇರುವೆ ಒಂದು ಕಡೆ ನಿಲ್ಲಲೊಲ್ಲದು. ಕೊನೆಗೆ ಅದಕ್ಕೆ ಬ್ರಾಂದಿ ಕುಡಿಸಿದ. ಅದು ಗಂಟೆಗಟ್ಟಲೆ ಬಿದ್ದುಕೊಂಡಿದ್ದು, ಆಮೇಲೆ ದಡಕ್ಕನೆ ಎದ್ದು ಓಡಿತಂತೆ. 1665ರ ಅವನ ಪುಸ್ತಕದಲ್ಲಿ ಇನ್ನೊಂದು ಗೋಳೂ ಇದೆ: ನೊಣದ ಕಣ್ಣು ಒಂದು ಬೆಳಕಿನಲ್ಲಿ ತೂತು ತೂತಾದ ಜಾಲರಿ, ಬಿಸಿಲಿನಲ್ಲಿ ಚಿನ್ನದ ಮೊಳೆ ಹೊಡೆದ ಹಲಗೆ. ಉಬ್ಬು ಯಾವುದು, ತಗ್ಗು ಯಾವುದು?

ಈ ಗೊಂದಲಕ್ಕೆ ಒಂದು ಸರಳ ಒಪ್ಪಂದವಿದೆ. ಬೆಳಕು ಯಾವಾಗಲೂ ಮೇಲಿನ ಎಡ ಮೂಲೆಯಿಂದ ಬರಬೇಕು. ನೆರಳಿಗೆ ಬೂದು ಬಣ್ಣ ಬಳಿಯುವ ಬದಲು ಶಾಯಿಯ ಚುಕ್ಕಿ ಇಡುತ್ತಾರೆ. ಪೆನ್ನು ನೆಟ್ಟಗೆ ಹಿಡಿಯಬೇಕು, ಓರೆಯಾದರೆ ಚುಕ್ಕಿಗೆ ಬಾಲ ಬರುತ್ತದೆ. ನೆರಳು ಬಲಕ್ಕೆ ಬಿದ್ದರೆ ಉಬ್ಬು, ಎಡಕ್ಕೆ ಬಿದ್ದರೆ ಕುಳಿ. ಜಾತಿ ಗುರುತಿಸಲು ತಲೆಯ ಮೇಲಿನ ಕುಳಿಗಳನ್ನೇ ನೋಡುವ ಕೀಟಗಳಿವೆ, ಹಾಗಾಗಿ ಇದು ಸುಮ್ನೆ ಅಲಂಕಾರ ಅಲ್ಲ.

ನಂಬಿಕೆ ಬರದಿದ್ದರೆ ಅಂಥ ಚಿತ್ರವೊಂದನ್ನು ತಲೆಕೆಳಗು ಮಾಡಿ ನೋಡಿ. ಕುಳಿಗಳೆಲ್ಲ ಗುಳ್ಳೆಗಳಾಗಿ ಎದ್ದು ನಿಲ್ಲುತ್ತವೆ.