ಜಾಗ ಇದ್ದರೂ ಫೈಲ್ ಹೋಗುತ್ತಿಲ್ಲವೇ?

"ಸರ್, ಮೂವತ್ತೆರಡು ಜಿಬಿ ಪೆನ್‌ಡ್ರೈವ್ ಐತ್ರಿ, ಪೂರಾ ಖಾಲಿ. ಆರು ಜಿಬಿ ವಿಡಿಯೋ ಹೋಗವಲ್ದು."

ಮದುವೆ ಸೀಸನ್ ಬಂತೆಂದರೆ ವಿಜಯಪುರದ ನಮ್ಮ ಅಂಗಡಿಗೆ ಈ ದೂರು ಬರುತ್ತಲೇ ಇರುತ್ತದೆ. ಪೆನ್‌ಡ್ರೈವ್ ಕೆಟ್ಟಿದೆ ಎಂದುಕೊಂಡು ಹೊಸದು ಕೊಂಡವರೂ ಇದ್ದಾರೆ. ಅದರಲ್ಲೂ ಫೈಲ್ ಹೋಗುವುದಿಲ್ಲ!

ಕಾರಣ ಇಷ್ಟೇ. 32 ಜಿಬಿ ಮತ್ತು ಅದಕ್ಕಿಂತ ಚಿಕ್ಕ ಪೆನ್‌ಡ್ರೈವ್‌ಗಳು ಸಾಮಾನ್ಯವಾಗಿ ಫ್ಯಾಟ್32 ಎಂಬ ಫಾರ್ಮ್ಯಾಟ್‌ನಲ್ಲಿ, ಅಂದರೆ ಫೈಲ್‌ಗಳನ್ನು ಜೋಡಿಸಿಡುವ ಒಂದು ಪದ್ಧತಿಯಲ್ಲಿ, ಬರುತ್ತವೆ. ಅದರಲ್ಲಿ ಒಂದೊಂದು ಫೈಲ್‌ನ ಅಳತೆ ಬರೆದಿಡಲು 32 ಬಿಟ್ ಜಾಗ ಮಾತ್ರ ಇದೆ. ಅಷ್ಟರಲ್ಲಿ ಹಿಡಿಸುವ ದೊಡ್ಡ ಅಳತೆ 4,294,967,295 ಬೈಟ್. ಅಂದರೆ ಒಂದು ಫೈಲ್ 4 ಜಿಬಿ ದಾಟುವಂತಿಲ್ಲ, ಡ್ರೈವ್ ಎಷ್ಟೇ ಖಾಲಿ ಇರಲಿ. ವಿಂಡೋಸ್ ಕೂಡ 'ಫೈಲ್ ಈ ಫೈಲ್ ಸಿಸ್ಟಮ್‌ಗೆ ದೊಡ್ಡದಾಯಿತು' ಎಂದೇ ಹೇಳುತ್ತದೆ. ನಾವು ಓದದೆ ಕ್ಯಾನ್ಸಲ್ ಒತ್ತುತ್ತೇವೆ, ಅಲ್ವಾ?

ಒಳಗಿರುವುದನ್ನೆಲ್ಲ ಬೇರೆ ಕಡೆ ಕಾಪಿ ಮಾಡಿಟ್ಟು, ಈ 4 ಜಿಬಿ ಮಿತಿ ಇಲ್ಲದ ಎಕ್ಸ್‌ಫ್ಯಾಟ್ ಎಂಬ ಪದ್ಧತಿಗೆ ಫಾರ್ಮ್ಯಾಟ್ ಮಾಡಿ. ಸಮಸ್ಯೆ ಮುಗಿಯಿತು. ಆದರೆ ಅದೇ ಪೆನ್‌ಡ್ರೈವನ್ನು ಊರಲ್ಲಿ ಅಜ್ಜಿ ಮನೆಯ ಹಳೆ ಟಿವಿಗೆ ಹಾಕುವುದಿದ್ದರೆ ತಡೆಯಿರಿ. ಎಷ್ಟೋ ಹಳೆ ಟಿವಿಗಳು ಎಕ್ಸ್‌ಫ್ಯಾಟ್ ಓದುವುದಿಲ್ಲ. ಆಗ ಫ್ಯಾಟ್32 ಹಾಗೇ ಇರಲಿ, ಅರಿಶಿನ ಒಂದು ಫೈಲ್, ಅಕ್ಷತೆ ಇನ್ನೊಂದು ಫೈಲ್ ಮಾಡಿಕೊಡಿ ಎಂದು ಸ್ಟುಡಿಯೋದವರಿಗೆ ಹೇಳಿ.

ಕಾಪಿ ಅರ್ಧಕ್ಕೆ ನಿಲ್ಲುವುದು ಬೇರೆ ಕಥೆ. ಮೊದಲು ಸಿಪಿಯು ಹಿಂಭಾಗದ ಪೋರ್ಟ್‌ಗೆ ಹಾಕಿ ನೋಡಿ. ಮುಂದಿನ ಪೋರ್ಟ್‌ಗೆ ಒಳಗಿಂದ ತೆಳು ವೈರ್ ಬಂದಿರುತ್ತದೆ, ಅದು ಸಡಿಲವಾಗಿದ್ದರೆ ಸಂಪರ್ಕ ಕಡಿಯುತ್ತದೆ. ಅಲ್ಲೂ ನಿಂತರೆ ಅದೇ ಫೈಲನ್ನು ಕಂಪ್ಯೂಟರ್‌ನಲ್ಲೇ ಇನ್ನೊಂದು ಫೋಲ್ಡರ್‌ಗೆ ಕಾಪಿ ಮಾಡಿ. ಅಲ್ಲಿಯೂ ಎರರ್ ಬಂತೇ? ಹಾಗಾದರೆ ಪೆನ್‌ಡ್ರೈವ್‌ದೇನೂ ತಪ್ಪಿಲ್ಲ, ನಿಮ್ಮ ಹಾರ್ಡ್‌ಡಿಸ್ಕ್‌ಗೇ ಆ ಫೈಲ್ ಓದಲಾಗುತ್ತಿಲ್ಲ. ಈ ಪರೀಕ್ಷೆಯನ್ನು ಯಾರೂ ಮಾಡುವುದಿಲ್ಲ. ಸುಮ್ನೆ ಪೆನ್‌ಡ್ರೈವ್ ಬದಲಿಸುತ್ತಾ ಕೂತರೆ ಅಷ್ಟರಲ್ಲಿ ಹಾರ್ಡ್‌ಡಿಸ್ಕ್ ಪೂರ್ತಿ ಕೈಕೊಡಬಹುದು. ಬೇಕಾದ ಫೋಟೋ, ಲೆಕ್ಕಪತ್ರ ಅವತ್ತೇ ತೆಗೆದಿಟ್ಟುಕೊಳ್ಳಿ.

ಪೆನ್‌ಡ್ರೈವ್ ಹಾಕಿದೊಡನೆ 'ಫಾರ್ಮ್ಯಾಟ್ ಮಾಡಬೇಕೇ?' ಎಂದು ವಿಂಡೋಸ್ ತಾನಾಗಿಯೇ ಕೇಳಿದರೆ ದಯವಿಟ್ಟು ಹೂಂ ಅನ್ನಬೇಡಿ. ಕಾಪಿ ಮುಗಿಯುವ ಮುಂಚೆ ಕಿತ್ತಾಗ ಫೈಲ್‌ಗಳ ಪಟ್ಟಿ ಹಾಳಾಗಿ ಹೀಗೆ ಕೇಳುವುದುಂಟು. ಒಳಗಿನ ಫೈಲ್‌ಗಳು ಹೆಚ್ಚಾಗಿ ಹಾಗೇ ಇರುತ್ತವೆ. ಅದಕ್ಕೆ ಹೊಸದೇನೂ ಬರೆಯದೆ, ರಿಕವರಿ ಗೊತ್ತಿರುವವರ ಕೈಗೆ ಕೊಡಿ. ಪ್ರತಿ ಸಲ ಇಜೆಕ್ಟ್ ಕೊಟ್ಟೇ ತೆಗೆದರೆ ಈ ತೊಂದರೆ ಬಹಳ ಕಡಿಮೆ.

ಕಾಪಿ ಆಗಿದೆ, ಹೆಸರೂ ಕಾಣುತ್ತದೆ, ಆದರೆ ಫೈಲ್ ತೆರೆಯುವುದಿಲ್ಲ ಎಂದರೆ ನನಗೆ ಮೊದಲು ಬರುವ ಅನುಮಾನ ನಕಲಿ ಮಾಲು. ತೀರಾ ಅಗ್ಗಕ್ಕೆ ಸಿಗುವ '1 ಟಿಬಿ' ಪೆನ್‌ಡ್ರೈವ್‌ನೊಳಗೆ ಚಿಕ್ಕ ಚಿಪ್ ಇರುತ್ತದೆ. ಅಳತೆ ಮಾತ್ರ ಜಾಸ್ತಿ ತೋರಿಸುವಂತೆ ಮಾಡಿರುತ್ತಾರೆ. ಚಿಪ್ ತುಂಬಿದ ಮೇಲೆ ಹಾಕಿದ್ದೆಲ್ಲ ನೀರು ಪಾಲು. ಹೊಸ ಡ್ರೈವ್ ತಂದ ದಿನವೇ ಎಚ್2ಟೆಸ್ಟ್‌ಡಬ್ಲ್ಯೂ ಎಂಬ ಉಚಿತ ತಂತ್ರಾಂಶದಿಂದ ಪೂರ್ತಿ ತುಂಬಿಸಿ, ಓದಿಸಿ ನೋಡಿ. ಗಂಟೆಗಟ್ಟಲೆ ಹಿಡಿಯುತ್ತದೆ, ಹಿಡಿಯಲಿ. ಅಳತೆ ತಾಳೆಯಾಗದಿದ್ದರೆ ಬಿಲ್ ಸಮೇತ ಕೊಂಡಲ್ಲಿಗೇ ವಾಪಸ್ ಕೊಡಿ.