ಅಮೆರಿಕಕ್ಕೆ ಅರ್ಜಿ: ಪ್ರಬಂಧಕ್ಕಿಂತ ಮೊದಲು ಶಾಲೆಯ ಕಾಗದ

ಬ್ರಿಟನ್ನಿನಿಂದ ಅಮೆರಿಕದ ವಿಶ್ವವಿದ್ಯಾಲಯಗಳಿಗೆ ಅರ್ಜಿ ಹಾಕುವ ಮಕ್ಕಳು ಬೇಸಿಗೆಯಿಡೀ 650 ಪದಗಳ ಪ್ರಬಂಧ ತಿದ್ದುತ್ತಾ ಕೂರುತ್ತಾರೆ. ಆದರೆ ಎಷ್ಟೋ ಅರ್ಜಿಗಳು ಸೊರಗುವುದು ಬೇರೆ ಕಡೆ, ಶಾಲೆ ಕಳಿಸಬೇಕಾದ ಕಾಗದಗಳಲ್ಲಿ.

ಬ್ರಿಟನ್ನಿನ ವಿಶ್ವವಿದ್ಯಾಲಯಗಳ ಅರ್ಜಿ ವ್ಯವಸ್ಥೆಯಾದ ಯುಕಾಸ್‌ಗೆ ಶಾಲೆಯಿಂದ ಹೋಗುವುದು ಒಂದೇ ಶಿಫಾರಸು. ಅಮೆರಿಕದ ಅಂಥದೇ ವ್ಯವಸ್ಥೆಯಾದ ಕಾಮನ್ ಆ್ಯಪ್‌ನಲ್ಲಿ ಕೌನ್ಸೆಲರ್ (ಅರ್ಜಿಗೆ ಮಾರ್ಗದರ್ಶನ ಮಾಡುವ ಶಾಲೆಯ ಸಲಹೆಗಾರರು) ಪತ್ರ, ಸಾಮಾನ್ಯವಾಗಿ ಇಬ್ಬರು ಶಿಕ್ಷಕರ ಪತ್ರ, ಅಂಕಪಟ್ಟಿ, ಸ್ಕೂಲ್ ಪ್ರೊಫೈಲ್ (ಶಾಲೆಯ ಪದ್ಧತಿಯನ್ನು ವಿವರಿಸುವ ಹಾಳೆ), ಮುಂದೆ ನಡುವರ್ಷದ ಮತ್ತು ಕೊನೆಯ ವರದಿ ಎಲ್ಲವೂ ಬೇಕು. ಎಷ್ಟೋ ಸರ್ಕಾರಿ ಶಾಲೆಗಳಲ್ಲಿ ಇಂಥ ಕೌನ್ಸೆಲರ್ ಇರುವುದಿಲ್ಲ. ಸಿಕ್ಸ್ತ್ ಫಾರ್ಮ್ (ಶಾಲೆಯ ಕೊನೆಯ ಎರಡು ವರ್ಷ) ಮುಖ್ಯಸ್ಥರೇ ಅದನ್ನು ಹೊರಬೇಕು. ಹಾಗಾಗಿ ಅದರ ಮೊದಲ ವರ್ಷವಾದ ಇಯರ್ 12ರ ಜೂನ್‌ನಲ್ಲೇ ಅವರ ಬಳಿ ಕೂತು ಮಾತಾಡಿ.

ಪ್ರೊಫೈಲ್‌ನಲ್ಲಿ ಇರಲೇಬೇಕಾದದ್ದು: ಶಾಲೆಯ ಕೊನೆಯ ಪರೀಕ್ಷೆಯಾದ ಎ-ಲೆವೆಲ್‌ನಲ್ಲಿ ಮೂರೇ ವಿಷಯ ಓದುವುದು ಇಲ್ಲಿನ ವಾಡಿಕೆ, 16ರ ಹೊತ್ತಿಗೆ ಬರೆಯುವ ಜಿಸಿಎಸ್‌ಇಯಲ್ಲಿ 9 ಅತ್ಯುನ್ನತ ದರ್ಜೆ, ಶಾಲೆ ರ‍್ಯಾಂಕ್ ಕೊಡುವುದಿಲ್ಲ. ಇದಿಲ್ಲದಿದ್ದರೆ, ಐದಾರು ವಿಷಯ ಓದುವ ಅಮೆರಿಕದ ಮಕ್ಕಳ ಪಕ್ಕದಲ್ಲಿ ನಿಮ್ಮ ಮೂರು ವಿಷಯ ತೆಳುವಾಗಿ ಕಾಣುತ್ತವೆ. ಜಿಪಿಎಯನ್ನು (ಅಮೆರಿಕದ ದರ್ಜೆಗಳ ಸರಾಸರಿ) ತಾವೇ ಲೆಕ್ಕ ಹಾಕಿ 4.0 ಎಂದು ಬರೆಯಬೇಡಿ. ಶಾಲೆ ಕೊಡದ ಅಂಕಿ ಅಲ್ಲಿ ಇರಬಾರದು. ಅಮೆರಿಕದ 9ನೇ ಗ್ರೇಡ್, ಅಂದರೆ ಅಲ್ಲಿನ 9ನೇ ತರಗತಿ, ಇಲ್ಲಿನ ಇಯರ್ 10. ಇಯರ್ 9 ಎಂದುಕೊಂಡು ತುಂಬಿದರೆ ಪಾಠ, ಚಟುವಟಿಕೆ ಎಲ್ಲವೂ ಒಂದು ವರ್ಷ ಹಿಂದಕ್ಕೆ ಸರಿಯುತ್ತವೆ.

ಶಿಕ್ಷಕರ ಪತ್ರದ ಧಾಟಿ ಇನ್ನೊಂದು ತೊಡಕು. ಬ್ರಿಟಿಷ್ ಶಿಕ್ಷಕರು ಹೊಗಳುವುದೇ ಅಳೆದು ಸುರಿದು. ಅವರು ಪ್ರೀತಿಯಿಂದಲೇ ‘ಒಳ್ಳೆಯ, ಶ್ರದ್ಧೆಯ ವಿದ್ಯಾರ್ಥಿ’ ಎಂದು ಬರೆದದ್ದು ಅಮೆರಿಕದಲ್ಲಿ ಓದುವವರಿಗೆ ಅರೆಮನಸ್ಸಿನ ಮಾತಾಗಿ ಕೇಳಿಸುತ್ತದೆ. ಯುಕಾಸ್ ಶಿಫಾರಸನ್ನು ಹಾಗೇ ನಕಲು ಮಾಡಿದರೂ ಕೆಲಸಕ್ಕೆ ಬಾರದು. ತರಗತಿಯಲ್ಲಿ ನೀವು ಕೇಳಿದ ಪ್ರಶ್ನೆ, ಸೋತು ಮತ್ತೆ ಮಾಡಿದ ಪ್ರಯೋಗ, ಇಂಥ ಎರಡು ಮೂರು ಘಟನೆಗಳನ್ನು ಬರೆದು ಶಿಕ್ಷಕರ ಕೈಗೆ ಕೊಡಿ. ಅದರಲ್ಲಿ ಸಂಕೋಚ ಬೇಡ.

ಬೇಗ ಹಾಕಿ ಬೇಗ ಉತ್ತರ ಪಡೆಯುವ ‘ಅರ್ಲಿ’ ಅರ್ಜಿಗಳ ಕೊನೆಯ ದಿನ ಹೆಚ್ಚಿನ ಕಡೆ ನವೆಂಬರ್ 1. ಇಂಗ್ಲೆಂಡಿನ ಬಹಳಷ್ಟು ಶಾಲೆಗಳಿಗೆ ಹಾಫ್-ಟರ್ಮ್ ರಜೆ ಬೀಳುವುದು ಅಕ್ಟೋಬರ್ ಕೊನೆಯ ವಾರ, ಫೋನ್ ಎತ್ತುವವರೂ ಇರುವುದಿಲ್ಲ. ಶಾಲೆಯ ಕಾಗದಗಳಿಗೆ ಅಕ್ಟೋಬರ್ 15ರ ಗಡುವು ಇಟ್ಟುಕೊಳ್ಳಿ.

ಆಕ್ಸ್‌ಫರ್ಡ್, ಕೇಂಬ್ರಿಜ್‌ಗಳ ಗಡುವೂ ಅಕ್ಟೋಬರ್ 15ರ ಹೊತ್ತಿಗೇ. ಅವುಗಳ ಜೊತೆ ಅರ್ಲಿ ಡಿಸಿಷನ್ ಹಾಕುವ ಮೊದಲು ಯೋಚಿಸಿ. ಅದು ಸೀಟು ಸಿಕ್ಕರೆ ಅಲ್ಲೇ ಸೇರುವುದಾಗಿ ವಿದ್ಯಾರ್ಥಿ, ಪೋಷಕರು, ಕೌನ್ಸೆಲರ್ ಮೂವರೂ ಸಹಿ ಹಾಕುವ ಒಪ್ಪಂದ. ಡಿಸೆಂಬರ್ ಮಧ್ಯದಲ್ಲಿ ಸೀಟು ಸಿಕ್ಕರೆ, ಆಕ್ಸ್‌ಫರ್ಡ್ ಉತ್ತರ ಬರುವ ಮೊದಲೇ ಯುಕಾಸ್ ಅರ್ಜಿ ಹಿಂತೆಗೆಯಬೇಕಾಗುತ್ತದೆ. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್‌ಗಳ ಅರ್ಲಿ ಆ್ಯಕ್ಷನ್‌ಗೆ ಈ ಕಟ್ಟು ಇಲ್ಲ; ಬ್ರಿಟನ್ನಿನಲ್ಲೂ ಅರ್ಜಿ ಹಾಕಬಹುದು.

ದುಡ್ಡಿನ ಮಾತು ಮೊದಲೇ ಮುಗಿಸಿಕೊಳ್ಳಿ. ಹೆಸರಾಂತ ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ವರ್ಷದ ಖರ್ಚು 80,000 ಡಾಲರ್ ದಾಟುತ್ತದೆ, ಪೂರ್ತಿ ಪದವಿಯನ್ನು ಹೊರದೇಶದಲ್ಲಿ ಓದಿದರೆ ಬ್ರಿಟನ್ನಿನ ವಿದ್ಯಾರ್ಥಿ ಸಾಲ ಸಿಗದು. ಹಾರ್ವರ್ಡ್, ಯೇಲ್, ಪ್ರಿನ್ಸ್‌ಟನ್, ಎಂಐಟಿ, ಆಮ್ಹರ್ಸ್ಟ್ ಮುಂತಾದ ಕೆಲವೇ ಕಡೆ, ನೀವು ನೆರವು ಕೇಳಿದ್ದೀರಿ ಎಂಬುದು ಆಯ್ಕೆಗೆ ಅಡ್ಡ ಬರುವುದಿಲ್ಲ. ಉಳಿದ ಬಹುಪಾಲು ಕಡೆ ವಿದೇಶಿ ವಿದ್ಯಾರ್ಥಿಗಳ ವಿಷಯದಲ್ಲಿ ಅದನ್ನೂ ತೂಗುತ್ತಾರೆ. ಸರ್ಕಾರಿ ಶಾಲೆಯ ಮಕ್ಕಳು ಸಟನ್ ಟ್ರಸ್ಟ್ ಎಂಬ ದತ್ತಿ ಸಂಸ್ಥೆಯ ಅಮೆರಿಕ ಕಾರ್ಯಕ್ರಮವನ್ನು ತಪ್ಪದೆ ನೋಡಬೇಕು.

ಮಗಳು ಡಾಕ್ಟರ್ ಆಗಲಿ ಎನ್ನುವ ಬ್ರಿಟನ್ನಿನ ಕನ್ನಡ ಮನೆಗಳಿಗೆ ಒಂದು ಮಾತು: ಅಮೆರಿಕದಲ್ಲಿ 18ಕ್ಕೇ ವೈದ್ಯಕೀಯಕ್ಕೆ ಸೇರುವ ದಾರಿ ಸಾಮಾನ್ಯವಾಗಿ ಇಲ್ಲ. ನಾಲ್ಕು ವರ್ಷದ ಪದವಿ ಮುಗಿಸಿ ಮತ್ತೆ ಅರ್ಜಿ ಹಾಕಬೇಕು, ಅಲ್ಲೂ ವಿದೇಶಿಯರನ್ನು ತೆಗೆದುಕೊಳ್ಳುವ ಕಾಲೇಜುಗಳು ಕಡಿಮೆ.

ಎ-ಲೆವೆಲ್ ಫಲಿತಾಂಶ ಬರುವುದು ಆಗಸ್ಟ್ ಮಧ್ಯದಲ್ಲಿ, ಅಲ್ಲಿ ಎಷ್ಟೋ ಕಡೆ ತರಗತಿ ಶುರುವಾಗುವುದು ಅದೇ ತಿಂಗಳ ಕೊನೆಗೆ. ಕೊನೆಯ ವರದಿಯನ್ನು ಆಗ ಯಾರು ಕಳಿಸುತ್ತಾರೆ ಎಂಬುದನ್ನು ಜುಲೈಯಲ್ಲಿ ಶಾಲೆ ಮುಚ್ಚುವ ಮೊದಲೇ ಕೇಳಿ, ಅವರ ಇಮೇಲ್ ಬರೆದಿಟ್ಟುಕೊಳ್ಳಿ.